ಒಗ್ಗರಣೆಗೆ ಬಂದ ಕೆಂಪು ಗಾಡಿ

ಚಿತ್ರಾನ್ನದ ಒಗ್ಗರಣೆಗೆ ಅಗ್ನಿಶಾಮಕ ದಳದವರನ್ನು ಕರೆಸಿದ ಅಜ್ಜಿಯರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನಂತೂ ಒಬ್ಬಳು.

ಎರಡು ವರ್ಷದ ಹಿಂದಿನ ಮಾತು. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದೆ. ಶಿಕಾಗೋ ನಗರದ ಪಶ್ಚಿಮಕ್ಕೆ ಇರುವ ಉಪನಗರ ಅದು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಶಾಲೆಯಿಂದ ಬಂದ ಒಂಬತ್ತು ವರ್ಷದ ಮೊಮ್ಮಗ ಹಸಿವು ಎಂದ. ಒಲೆಯ ಮೇಲೆ ಬಾಣಲೆ ಇಟ್ಟು ಎಣ್ಣೆ ಹಾಕಿ, ಕಡಲೆಬೀಜದ ಡಬ್ಬಿ ಹುಡುಕುತ್ತ ನಿಂತೆ. ತಿರುಗಿ ನೋಡುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಗಾಬರಿಯಲ್ಲಿ ಒಣಮೆಣಸಿನಕಾಯಿಯನ್ನೂ ಹಾಕಿಬಿಟ್ಟೆ. ಘಾಟು ಎದ್ದಿತು ನೋಡಿ! ಚಾವಣಿಯಲ್ಲಿದ್ದ ಬಿಳಿ ಡಬ್ಬಿ ಕಿರುಚತೊಡಗಿತು. ಆ ಕಿರುಚಾಟ ಅಲಾರಂ ಕಂಪನಿಗೂ ಕೇಳುತ್ತದಂತೆ. ಅವರು ಮಗಳಿಗೆ ಫೋನ್ ಮಾಡಿದರು. ಮೀಟಿಂಗಿನಲ್ಲಿದ್ದ ಅವಳು ಎತ್ತಲಿಲ್ಲ. ಕೆಲವೇ ನಿಮಿಷಗಳಲ್ಲಿ ಮನೆಯ ಮುಂದೆ ಮನೆಯಷ್ಟೇ ಉದ್ದದ ಕೆಂಪು ಗಾಡಿ ಬಂದು ನಿಂತಿತು.

ನಾಲ್ವರು ಇಳಿದರು. ಹೆಲ್ಮೆಟ್, ದಪ್ಪ ಅಂಗಿ, ಬೆನ್ನಿಗೆ ಗಾಳಿಯ ಸಿಲಿಂಡರ್. ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಡುಗೆಮನೆ, ಅಟ್ಟ ಎಲ್ಲ ನೋಡಿದರು. ಒಂದು ಕ್ಯಾಮೆರಾದಿಂದ ಗೋಡೆಯ ಒಳಗೆ ಬಿಸಿ ಇದೆಯೇ ಎಂದೂ ಪರೀಕ್ಷಿಸಿದರು. ಅವರಲ್ಲಿ ಒಬ್ಬರು ಘಾಟಿಗೆ ನಾಲ್ಕು ಸಲ ಸೀನಿದರು. ‘ಮನೆಗೆ ಬೆಂಕಿ ಬಿದ್ದಾಗಲೂ ನಾನು ಇಷ್ಟು ಸೀನಿಲ್ಲ’ ಎಂದರಂತೆ. ಮೊಮ್ಮಗ ನಗುತ್ತ ಹೇಳಿದ. ನಾನು ಕ್ಷಮೆ ಕೇಳಿದೆ. ಅವರು, ‘ಸುಮ್ಮನೆ ಬಂದು ಸುಮ್ಮನೆ ಹೋಗುವ ದಿನವೇ ನಮಗೆ ಒಳ್ಳೆಯ ದಿನ. ಶನಿವಾರ ಮೊಮ್ಮಗನನ್ನು ಕರೆದುಕೊಂಡು ಠಾಣೆಗೆ ಬನ್ನಿ’ ಎಂದು ಹೊರಟರು.

ಮೊಮ್ಮಗನಿಗೆ ಹಬ್ಬ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಕೆಂಪು ಗಾಡಿ ನಮ್ಮ ಮನೆಗೆ ಬಂದದ್ದು ನನ್ನ ಬದುಕಿನಲ್ಲಿ ಅದು ಎರಡನೇ ಸಲ. ಮೊದಲ ಸಲದ ಮಾತು ಆಮೇಲೆ ಹೇಳುತ್ತೇನೆ.

ಅದು ಅಕ್ಟೋಬರ್ ತಿಂಗಳು. ಶಿಕಾಗೋ ನಗರವನ್ನು ಸುಟ್ಟ ಮಹಾ ಬೆಂಕಿ ಶುರುವಾದದ್ದು 1871ರ ಅಕ್ಟೋಬರ್ 8ರ ರಾತ್ರಿ. ಅದರ ನೆನಪಿಗಾಗಿ ಅಕ್ಟೋಬರ್ 9 ಬರುವ ವಾರವನ್ನು ಅಮೆರಿಕದಲ್ಲಿ ಬೆಂಕಿ ತಡೆಯುವ ವಾರವಾಗಿ ಆಚರಿಸುತ್ತಾರೆ. ಆ ಹೊತ್ತಿನಲ್ಲಿ ಊರೂರಿನ ಅಗ್ನಿಶಾಮಕ ಠಾಣೆಗಳು ಮಕ್ಕಳಿಗೆ ಬಾಗಿಲು ತೆರೆಯುತ್ತವೆ.

ಶನಿವಾರ ಹೋದೆವು. ನಮ್ಮ ಒಗ್ಗರಣೆಗೆ ಬಂದಿದ್ದ ಗಾಡಿಯೇ ತೊಳೆದು ಒರೆಸಿಕೊಂಡು ನಿಂತಿತ್ತು. ನಾವು ಎಲ್ಲವನ್ನೂ ಫೈರ್ ಎಂಜಿನ್ ಅನ್ನುತ್ತೇವೆ. ಅವರು ಹಾಗಲ್ಲ. ಪಂಪು, ಪೈಪು, ನೀರು ಇರುವುದು ಎಂಜಿನ್. ಉದ್ದ ಏಣಿ ಇರುವುದು ಟ್ರಕ್. ‘ಇದರ ಹೊಟ್ಟೆಯಲ್ಲಿ ಎಷ್ಟು ನೀರಿದೆ?’ ಎಂದು ಮೊಮ್ಮಗ ಕೇಳಿದ. 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್. ನಮ್ಮ ಮನೆಗಳ ಮೇಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಎರಡೂ ತುಂಬುವುದಿಲ್ಲ. ಪಂಪಿನ ಶಕ್ತಿಯೋ, ನಿಮಿಷಕ್ಕೆ 1,500 ಗ್ಯಾಲನ್! ಲೆಕ್ಕ ಮಾಡಿ ಮಕ್ಕಳೇ. ಪಂಪು ಪೂರ್ತಿ ಜೋರಿನಲ್ಲಿ ಓಡಿದರೆ ಹೊಟ್ಟೆಯ ನೀರು ಎಷ್ಟು ಹೊತ್ತಿಗೆ ಖಾಲಿ? ಇಪ್ಪತ್ತು ಸೆಕೆಂಡು! ಆದ್ದರಿಂದ ಒಬ್ಬರು ಬೆಂಕಿಯ ಕಡೆ ಓಡುವಾಗಲೇ ಇನ್ನೊಬ್ಬರು ರಸ್ತೆಬದಿಯ ನೀರಿನ ಕಂಬಕ್ಕೆ ಪೈಪು ಸಿಕ್ಕಿಸಲು ಓಡುತ್ತಾರೆ.

ಮೊಮ್ಮಗನಿಗೂ ಪೈಪು ಹಿಡಿಯಲು ಕೊಟ್ಟರು. ಹಿಂದೆ ಒಬ್ಬರು ಬೆನ್ನು ಕೊಟ್ಟು ನಿಂತಿರದಿದ್ದರೆ ಅವನು ಹುಲ್ಲಿನ ಮೇಲೆ ಅಂಗಾತ ಬೀಳುತ್ತಿದ್ದ. ನನಗೂ ಒಂದು ಪಾಠ ಹೇಳಿದರು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಎಣ್ಣೆ ಸಿಡಿದು ಬೆಂಕಿ ಹರಡುತ್ತದೆ. ಒಲೆ ಆರಿಸಿ ಬಾಣಲೆಗೆ ತಟ್ಟೆ ಮುಚ್ಚಬೇಕು. ಗಾಳಿ ಸಿಗದೆ ಬೆಂಕಿ ತಾನೇ ಸಾಯುತ್ತದೆ. ಐವತ್ತು ವರ್ಷ ಅಡುಗೆ ಮಾಡಿದವಳು ಶಾಲೆಯ ಮಗುವಿನಂತೆ ತಲೆಯಾಡಿಸಿದೆ.

‘ಈ ಗಾಡಿಯ ಅಜ್ಜ ಮುತ್ತಜ್ಜರನ್ನು ನೋಡಬೇಕಾದರೆ ಅರೋರಾಕ್ಕೆ ಹೋಗಿ’ ಎಂದರು ಅಲ್ಲಿದ್ದವರು. ಅರೋರಾ ನಮಗೆ ಹೊಸದಲ್ಲ. ಅಲ್ಲಿಯ ಬಾಲಾಜಿ ದೇವಸ್ಥಾನಕ್ಕೆ ಸುತ್ತಲಿನ ಕನ್ನಡದವರು, ತೆಲುಗಿನವರು ಎಲ್ಲರೂ ಹೋಗುತ್ತಾರೆ. ಮುಂದಿನ ಶನಿವಾರ ದರ್ಶನ ಮುಗಿಸಿ, ಪ್ರಸಾದದ ಪುಳಿಯೋಗರೆ ತಿಂದು ಅಲ್ಲಿಂದ ನೇರ ಊರೊಳಗೆ ಹೋದೆವು. 1894ರಲ್ಲಿ ಕಟ್ಟಿದ ಅಗ್ನಿಶಾಮಕ ಠಾಣೆಯನ್ನೇ ಅಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹಳೆಯ ಗಾಡಿಗಳ ನಡುವೆ ನಮ್ಮನ್ನು ಸುತ್ತಾಡಿಸಿದವರು ನನ್ನದೇ ವಯಸ್ಸಿನ ನಿವೃತ್ತ ಅಗ್ನಿಶಾಮಕರು. ಮಗಳು ನನಗೆ ಕನ್ನಡದಲ್ಲಿ ಹೇಳುತ್ತ ಬಂದಳು.

ಎಲ್ಲಕ್ಕೂ ಮೊದಲು ಇದ್ದದ್ದು ಬರೀ ಬಕೆಟ್ ಅಂತೆ. ಚರ್ಮದ ಬಕೆಟ್. ಬಾವಿಯಿಂದ ಬೆಂಕಿಯ ತನಕ ಜನ ಎರಡು ಸಾಲು ನಿಲ್ಲುವುದು. ಒಂದು ಸಾಲಿನಲ್ಲಿ ತುಂಬಿದ್ದು ಕೈಯಿಂದ ಕೈಗೆ ಹೋಗುತ್ತದೆ. ಇನ್ನೊಂದರಲ್ಲಿ ಹೆಂಗಸರು, ಮಕ್ಕಳು ಖಾಲಿ ಬಕೆಟ್ ಹಿಂದಕ್ಕೆ ಸಾಗಿಸುತ್ತಾರೆ.

‘ನಾನು ಆ ಸಾಲಿನಲ್ಲಿ ನಿಂತಿದ್ದೇನೆ’ ಎಂದೆ. ಮೂವರೂ ನನ್ನ ಮುಖ ನೋಡಿದರು. ‘ಮುಂದೆ ಹೇಳಲಿ’ ಎಂದೆ.

ಬಕೆಟ್ ಆದ ಮೇಲೆ ಕೈಪಂಪಿನ ಬಂಡಿ ಬಂತು. ಎರಡು ಕಡೆಯೂ ಉದ್ದನೆಯ ಹಿಡಿ, ಏತದಂತೆ ಮೇಲೆ ಕೆಳಗೆ ಒತ್ತಬೇಕು. ಗಟ್ಟಿ ಆಳುಗಳೂ ಕೆಲವೇ ನಿಮಿಷದಲ್ಲಿ ಸುಸ್ತಾಗಿ ಬದಲಿ ಆಳು ಬೇಕಾಗುತ್ತಿತ್ತು. ಮೊದಮೊದಲಿನ ಪಂಪಿಗೆ ಪೈಪೂ ಇರಲಿಲ್ಲ. ಬೆಂಕಿಯ ಬುಡಕ್ಕೇ ಬಂಡಿ ತಳ್ಳಬೇಕಿತ್ತು. 1670ರ ದಶಕದಲ್ಲಿ ಆಮ್ಸ್ಟರ್‌ಡ್ಯಾಮ್ ನಗರದ ಯಾನ್ ವಾನ್ ಡೆರ್ ಹೈಡೆನ್ ಎಂಬಾತ ಚರ್ಮ ಹೊಲಿದು ಪೈಪು ಮಾಡಿದ. ಅವನು ಹೆಸರಾಂತ ಚಿತ್ರಕಾರ ಕೂಡ. ಪಂಪು ಹೊರಗೇ ನಿಂತು ನೀರು ಮಾತ್ರ ಒಳಗೆ ಹೋಗುವಂತಾದದ್ದು ಆಗಿನಿಂದ.

ಆಮೇಲೆ ಆವಿಯ ಎಂಜಿನ್. 1853ರಲ್ಲಿ ಸಿನ್ಸಿನಾಟಿ ಎಂಬ ಅಮೆರಿಕದ ನಗರ ಆವಿ ಪಂಪು ಇಟ್ಟುಕೊಂಡು, ಸಂಬಳದ ಆಳುಗಳ ದಳ ಕಟ್ಟಿತು. ಹತ್ತಾರು ಆಳುಗಳ ಕೆಲಸವನ್ನು ಒಂದು ಬಾಯ್ಲರ್ ಮಾಡಿತು. ಆದರೆ ಅದು ಬಲು ಭಾರ. ಎಳೆಯಲು ಕುದುರೆ ಬಂದವು. ಸರಂಜಾಮನ್ನು ಚಾವಣಿಯಿಂದ ತೂಗುಹಾಕಿರುತ್ತಿದ್ದರು. ಗಂಟೆ ಬಾರಿಸಿದೊಡನೆ ಕುದುರೆಗಳು ತಾವೇ ಬಂದು ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು, ಸರಂಜಾಮು ಬೆನ್ನ ಮೇಲೆ ಇಳಿಯುತ್ತಿತ್ತು.

ಕೆಳಗೆ ಕುದುರೆ, ಮೇಲೆ ಆಳುಗಳ ಮಂಚ ಮತ್ತು ಹುಲ್ಲಿನ ಅಟ್ಟ. ಈ ಹುಲ್ಲಿನಿಂದಲೇ ಒಂದು ಉಪಾಯ ಹುಟ್ಟಿತು. ಶಿಕಾಗೋ ನಗರದ 21ನೇ ಎಂಜಿನ್ ದಳದಲ್ಲಿ ಇದ್ದವರು ಕಪ್ಪು ಜನಾಂಗದ ಅಗ್ನಿಶಾಮಕರು. ಒಂದು ದಿನ ಅಟ್ಟದಲ್ಲಿ ಹುಲ್ಲು ಒಟ್ಟುತ್ತಿದ್ದಾಗ ಗಂಟೆ ಬಾರಿಸಿತು. ಒಬ್ಬಾತ ಮೆಟ್ಟಿಲು ಬಿಟ್ಟು, ಹುಲ್ಲಿನ ಕೆಲಸದ ಗಳುವನ್ನೇ ತಬ್ಬಿ ಜಾರಿ ಎಲ್ಲರಿಗಿಂತ ಮೊದಲು ಕೆಳಗಿಳಿದ. ಅದನ್ನು ಕಂಡ ದಳದ ನಾಯಕ ಡೇವಿಡ್ ಕೆನ್ಯನ್ 1878ರಲ್ಲಿ ಠಾಣೆಯ ಮಹಡಿಗೆ ತೂತು ಕೊರೆದು ಕಂಬ ನಿಲ್ಲಿಸಿದ. ಮೊದಲು ನಕ್ಕವರು ಆಮೇಲೆ ಅದನ್ನೇ ಮಾಡಿದರು. ಇವತ್ತು ಕಾರ್ಟೂನಿನಲ್ಲಿ ಅಗ್ನಿಶಾಮಕರು ಸರ್ರನೆ ಜಾರುವ ಕಂಬ ಅದೇ. ಮೊಮ್ಮಗ ಕಂಬ ಸಿಕ್ಕೀತೇ ಎಂದು ಸುತ್ತ ನೋಡಿದ!

ಕಡೆಗೆ ಮೋಟಾರು ಬಂತು. 1923ರಲ್ಲಿ ಶಿಕಾಗೋ ದಳ ತನ್ನ ಕೊನೆಯ ಕುದುರೆಗಳನ್ನು ನಿವೃತ್ತಿ ಮಾಡಿತು. ಆ ಕಾಲದ ಗಾಡಿಗಳಿಗೆ ಚಾವಣಿ ಇರಲಿಲ್ಲ. ಕೊರೆಯುವ ಹಿಮದಲ್ಲೂ ಆಳುಗಳು ಹಿಂದಿನ ಹಲಗೆಯ ಮೇಲೆ ನಿಂತು, ಕಂಬಿ ಹಿಡಿದು ಹೋಗುತ್ತಿದ್ದರು. ಬಿದ್ದು ಸತ್ತವರೂ ಉಂಟು. 1990ರ ದಶಕದಲ್ಲಿ ಹೊಸ ನಿಯಮ ಬಂದು, ಎಲ್ಲರೂ ಮುಚ್ಚಿದ ಕ್ಯಾಬಿನ್ನಿನಲ್ಲಿ ಬೆಲ್ಟ್ ಹಾಕಿ ಕೂರುವಂತಾಯಿತು.

‘ಈ ಗಾಡಿಗಳಲ್ಲಿ ಸುಮ್ಮನೆ ಬಂದ ಸಾಮಾನು ಒಂದೂ ಇಲ್ಲ’ ಎಂದರು ಆ ಹಿರಿಯರು. ಒಂದು ಹಿತ್ತಾಳೆ ತಿರುಪನ್ನು ಮೊಮ್ಮಗನ ಅಂಗೈಯಲ್ಲಿಟ್ಟರು. ಪೈಪನ್ನು ನೀರಿನ ಕಂಬಕ್ಕೆ ಕೂಡಿಸುವ ತಿರುಪು. 1904ರ ಫೆಬ್ರುವರಿಯಲ್ಲಿ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಗರಗಳಿಂದ ರೈಲಿನಲ್ಲಿ ಎಂಜಿನ್ನುಗಳು ಬಂದವು. ಆಳು ಇತ್ತು, ಎಂಜಿನ್ ಇತ್ತು, ಕಂಬದಲ್ಲಿ ನೀರಿತ್ತು. ಆದರೆ ಒಂದೊಂದು ಊರಿನ ತಿರುಪಿನ ಗೆರೆ ಒಂದೊಂದು ಅಳತೆ. ಬಂದವರ ಪೈಪು ಬಾಲ್ಟಿಮೋರಿನ ಕಂಬಕ್ಕೆ ಕೂಡಲೇ ಇಲ್ಲ. ಸುಮಾರು ಮೂವತ್ತು ಗಂಟೆ ಉರಿದ ಬೆಂಕಿಯಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಇಡೀ ದೇಶಕ್ಕೆ ಒಂದೇ ಅಳತೆಯ ತಿರುಪು ಬೇಕು ಎಂಬ ತೀರ್ಮಾನ ಆ ಬೂದಿಯಿಂದ ಎದ್ದು ಬಂತು.

ಬೆನ್ನಿನ ಗಾಳಿ ಸಿಲಿಂಡರಿನ ಕಥೆಯೂ ಹಾಗೇ. ಬೆಂಕಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರುವ ವಿಮಾನಿಕರಿಗೆ ಉಸಿರಾಟದ ಸಲಕರಣೆ ಮಾಡುತ್ತಿದ್ದವರು 1945ರಲ್ಲಿ ಅಗ್ನಿಶಾಮಕರಿಗೂ ಮಾಡಿಕೊಟ್ಟರು. ಈಗ ಅದಕ್ಕೊಂದು ಪುಟ್ಟ ಯಂತ್ರವೂ ಇದೆ. ತೊಟ್ಟವರು ಸುಮಾರು ಅರ್ಧ ನಿಮಿಷ ಅಲುಗಾಡದೆ ಬಿದ್ದರೆ ಅದು ತಾನೇ ಕೂಗಿ ಜೊತೆಯವರನ್ನು ಕರೆಯುತ್ತದೆ. ಮಡಚುವ ತೋಳಿನ ತುದಿಯಲ್ಲಿ ಬುಟ್ಟಿ ಇರುವ ಗಾಡಿಯನ್ನು 1958ರಲ್ಲಿ ಮಾಡಿಸಿದ್ದು ಶಿಕಾಗೋ ದಳದ ಮುಖ್ಯಸ್ಥ ರಾಬರ್ಟ್ ಕ್ವಿನ್. ಮರದ ಕೊಂಬೆ ಕಡಿಯುವವರು ಬುಟ್ಟಿಯಲ್ಲಿ ನಿಂತು ಮೇಲೇರುವುದನ್ನು ನೋಡಿ ಹೊಳೆದದ್ದಂತೆ.

ಅದೇ ವರ್ಷದ ಡಿಸೆಂಬರ್ 1ರಂದು ಶಿಕಾಗೋದ ಒಂದು ಶಾಲೆಗೆ ಬೆಂಕಿ ಬಿದ್ದು 92 ಮಕ್ಕಳು, ಮೂವರು ಶಿಕ್ಷಕಿಯರು ತೀರಿಕೊಂಡರು. ಶಾಲೆಯ ಗಂಟೆ ಶಾಲೆಯಲ್ಲಿ ಮಾತ್ರ ಬಾರಿಸುತ್ತಿತ್ತು, ಅಗ್ನಿಶಾಮಕ ಠಾಣೆಗೆ ಕೇಳುತ್ತಿರಲಿಲ್ಲ. ಆ ಬಳಿಕ ಅಮೆರಿಕದ ಶಾಲೆಗಳ ನಿಯಮಗಳು ಬಿಗಿಯಾದವು. ಹಿರಿಯರು ಮೊಮ್ಮಗನಿಗೆ, ‘ಶಾಲೆಯಲ್ಲಿ ಬೆಂಕಿಯ ಅಣಕು ಅಭ್ಯಾಸಕ್ಕೆ ಸಾಲಾಗಿ ಹೊರಗೆ ಹೋಗುವಾಗ ಗಲಾಟೆ ಮಾಡಬೇಡ. ಆ ಮಕ್ಕಳನ್ನು ನೆನೆದುಕೋ’ ಎಂದರು. ಅವನು ಗಂಭೀರವಾಗಿ ತಲೆಯಾಡಿಸಿದ.

ಆಮೇಲೆ ಮೊಮ್ಮಗ ಕೇಳಿದ, ‘1871ರ ಬೆಂಕಿ ಹಚ್ಚಿದ್ದು ಹಸುವಂತೆ, ನಿಜವಾ?’

ಆ ಕಥೆ ಅಲ್ಲಿಯ ಮಕ್ಕಳಿಗೆಲ್ಲ ಗೊತ್ತು. ಕ್ಯಾಥರೀನ್ ಓಲಿಯರಿ ಎಂಬ ಬಡ ಹೆಂಗಸು ಹಾಲು ಮಾರಿ ಜೀವನ ಮಾಡುತ್ತಿದ್ದಳು. ರಾತ್ರಿ ಹಾಲು ಕರೆಯುವಾಗ ಹಸು ಲಾಂದ್ರ ಒದ್ದು ಕೊಟ್ಟಿಗೆಗೆ ಬೆಂಕಿ ಬಿತ್ತು, ಊರೇ ಸುಟ್ಟಿತು ಎಂದು ಕಥೆ. ಬೆಂಕಿ ಅವಳ ಕೊಟ್ಟಿಗೆಯಲ್ಲೇ ಶುರುವಾದದ್ದು ನಿಜ. ಸುಮಾರು 300 ಜನ ಸತ್ತರು, ಲಕ್ಷ ಜನ ಮನೆ ಕಳೆದುಕೊಂಡರು. ಆದರೆ ಹಸುವಿನ ಕಥೆ ತಾನು ಕಟ್ಟಿದ್ದು ಎಂದು ಒಬ್ಬ ಪತ್ರಕರ್ತ 1893ರಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಅವಳು ಇಪ್ಪತ್ತೆರಡು ವರ್ಷ ಊರಿನ ಬೈಗುಳ ತಿಂದಿದ್ದಳು. 1895ರಲ್ಲಿ ತೀರಿಕೊಂಡಳು. 1997ರಲ್ಲಿ ಶಿಕಾಗೋ ನಗರಸಭೆ ಅವಳದ್ದೂ ಹಸುವಿನದ್ದೂ ತಪ್ಪಿಲ್ಲ ಎಂದು ನಿರ್ಣಯ ಮಾಡಿತು.

‘ನಿಜವಾಗಿ ಕೆಟ್ಟದ್ದು ಬೇರೆ’ ಎಂದರು ಹಿರಿಯರು. ತಿಂಗಳುಗಟ್ಟಲೆ ಮಳೆ ಇರಲಿಲ್ಲ. ಮನೆ, ಕಾಲುದಾರಿ ಎಲ್ಲ ಮರದ್ದು. ಹಿಂದಿನ ರಾತ್ರಿಯ ದೊಡ್ಡ ಬೆಂಕಿ ಆರಿಸಿ ಆಳುಗಳು ಬಳಲಿದ್ದರು. ಗೋಪುರದ ಕಾವಲುಗಾರ ಜಾಗ ತಪ್ಪಾಗಿ ಅಂದಾಜು ಮಾಡಿದ್ದರಿಂದ ಎಂಜಿನ್ನುಗಳು ಬೇರೆ ಕಡೆ ಹೋದವು. ಕಡೆಗೆ ನೀರು ಒತ್ತುವ ಪಂಪುಮನೆಯೇ ಸುಟ್ಟು ಕಂಬಗಳು ಒಣಗಿದವು. ‘ಯಾರು ಹಚ್ಚಿದರು ಎಂದು ಕೇಳಿದಷ್ಟು ದಿನ ಒಂದು ಹಸು ಸಿಕ್ಕಿತು, ಅಷ್ಟೆ. ಏನು ಕೆಟ್ಟಿತು ಎಂದು ಕೇಳಿದ ಮೇಲೆ ಇವೆಲ್ಲ ಸಿಕ್ಕವು’ ಎಂದು ಗಾಡಿಗಳ ಕಡೆ ಕೈ ತೋರಿಸಿದರು. ಓಲಿಯರಿಯ ಕೊಟ್ಟಿಗೆ ಇದ್ದ ಜಾಗದಲ್ಲಿ ಆಮೇಲೆ ಶಿಕಾಗೋ ಅಗ್ನಿಶಾಮಕರ ತರಬೇತಿ ಶಾಲೆ ಕಟ್ಟಿದರಂತೆ.

ನನಗೆ ನಿಲ್ಲಲಾಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತೆ. ಮೊಮ್ಮಗ ಪಕ್ಕದಲ್ಲಿ ಕುಳಿತು, ‘ಅಜ್ಜಿ, ನೀನು ಯಾವ ಸಾಲಿನಲ್ಲಿ ನಿಂತಿದ್ದೆ?’ ಎಂದ. ಅರವತ್ತು ವರ್ಷಕ್ಕೂ ಮಿಕ್ಕಿ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ.

1960ನೇ ಇಸವಿ. ಅರಸೀಕೆರೆಯ ಕಡೆ ನಮ್ಮೂರು. ನನಗೆ ಎಂಟು ವರ್ಷ. ರಾಗಿ ಒಕ್ಕಣೆ ಮುಗಿದು ಹಿತ್ತಿಲಲ್ಲಿ ಬಣವೆ ಒಟ್ಟಿದ್ದರು. ಆಗೆಲ್ಲ ಬೆಂಕಿಪೊಟ್ಟಣ ಉಳಿಸಲು ಪಕ್ಕದ ಮನೆಯಿಂದ ಕೆಂಡ ತರುವುದು ರೂಢಿ. ಅಮ್ಮ ತೆಂಗಿನ ಚಿಪ್ಪು ಕೊಟ್ಟು, ‘ಇನ್ನೊಂದು ಚಿಪ್ಪು ಮುಚ್ಚಿಕೊಂಡು ಬಾ’ ಎಂದು ಕಳಿಸಿದರು. ನನಗೆ ಕೆಂಡ ಊದಿದರೆ ಕೆಂಪಗೆ ಹೊಳೆಯುವುದನ್ನು ನೋಡುವ ಆಸೆ. ಮುಚ್ಚಲಿಲ್ಲ. ಊದುತ್ತ, ಚಿಪ್ಪು ಆಡಿಸುತ್ತ ಬಣವೆಯ ಪಕ್ಕದಲ್ಲೇ ಬಂದೆ. ಗಾಳಿ ಬೀಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಣವೆ ಹೊತ್ತಿಕೊಂಡಿತು. ಊರಿನವರು ಬಾವಿಯಿಂದ ಹಿತ್ತಿಲ ತನಕ ಸಾಲು ನಿಂತರು. ಹೆಂಗಸರು ಕೊಡ ಸಾಗಿಸಿದರು. ನಾವು ಮಕ್ಕಳು ಖಾಲಿ ಕೊಡ ಹಿಡಿದು ಓಡಿದೆವು. ಸೈಕಲ್ಲಿನಲ್ಲಿ ಪೇಟೆಗೆ ಹೋದವರು ಸುದ್ದಿ ಮುಟ್ಟಿಸಿ, ಕೆಂಪು ಗಾಡಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಗಾಡಿ ನಮ್ಮ ಓಣಿಗೆ ನುಗ್ಗಲಿಲ್ಲ, ಪೈಪು ಹಿತ್ತಿಲಿಗೆ ನಿಲುಕಲಿಲ್ಲ. ಆದರೂ ಅವರು ಅಕ್ಕಪಕ್ಕದ ಹುಲ್ಲಿನ ಮನೆಗಳನ್ನು ನೆನೆಸಿ ಉಳಿಸಿಕೊಟ್ಟರು.

ಸಂಜೆ ಜಗುಲಿಯ ಮೇಲೆ ಹಿರಿಯರು ಸೇರಿದರು. ಅವರೂ ಕೇಳಿದ್ದು ಒಂದೇ ಪ್ರಶ್ನೆ: ಯಾರು? ನಮ್ಮ ಹೊಲದಲ್ಲಿ ಕೆಲಸಕ್ಕಿದ್ದ ಒಬ್ಬರು ಬೀಡಿ ಸೇದುತ್ತಿದ್ದರು. ಅಷ್ಟು ಸಾಕಾಯಿತು. ಅವರು ‘ನಾನಲ್ಲ’ ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ತಿಂಗಳೊಳಗೆ ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಮೇವಿಲ್ಲದೆ ಅಪ್ಪ ಎತ್ತಿನ ಜೋಡಿಯನ್ನು ಮಾರಿದರು. ನನ್ನ ಚಿಪ್ಪಿನ ಕಿಡಿಯೋ, ಬೇರೆ ಏನೋ, ಇವತ್ತಿಗೂ ಗೊತ್ತಿಲ್ಲ. ಆದರೆ ಕೆಂಡ ಮುಚ್ಚಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಜ್ಜಿ, ನೀನೂ ಈಗ ಹೇಳಬಹುದಲ್ಲ, ಆ ಪತ್ರಕರ್ತನ ಹಾಗೆ?’ ಎಂದ.

ಊರಿಗೆ ಬಂದ ಮೇಲೆ ತಮ್ಮನನ್ನು ಬೆನ್ನು ಹತ್ತಿ ಅವರ ಮನೆಯವರನ್ನು ಹುಡುಕಿಸಿದೆ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಪಕ್ಕದ ತಾಲ್ಲೂಕಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ನನಗಿಂತ ಎರಡು ವರ್ಷ ಚಿಕ್ಕವರು. ಹೋಗಿ ಕುಳಿತು ಎಲ್ಲ ಹೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರು. ಕಡೆಗೆ, ‘ಅಪ್ಪ ಸಾಯುವ ತನಕ ಹೇಳುತ್ತಿದ್ದರು, ನಾನಲ್ಲ ಅಂತ. ಮನೆಯಲ್ಲಿ ನಾವು ನಂಬಿದ್ದೆವು. ನಿಮ್ಮೂರಿನಲ್ಲಿ ಯಾರಾದರೂ ನಂಬಲಿ ಅಂತ ಅವರಿಗೆ ಆಸೆ ಇತ್ತು’ ಎಂದರು. ಸಿಟ್ಟು ಮಾಡಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಟೀ ತರಿಸಿದರು, ಕುಡಿದು ಬಂದೆ.

ಅಲ್ಲಿಂದ ನೇರ ನಮ್ಮೂರಿಗೆ ಹೋಗಿ, ಅದೇ ಜಗುಲಿಯ ಮೇಲೆ ತಮ್ಮನಿಗೂ ಉಳಿದಿರುವ ನಾಲ್ಕಾರು ಹಿರಿಯರಿಗೂ ಹೇಳಿದೆ. ತಮ್ಮನ ಬಣವೆ ಈಗ ಮನೆಯಿಂದ ದೂರ, ಹೊಲದ ಅಂಚಿನಲ್ಲಿದೆ. ಪಕ್ಕದಲ್ಲಿ ನೀರಿನ ಡ್ರಮ್ಮು ಇಡಿಸಿದೆ. ಗಾಡಿ ತಿರುಗುವಷ್ಟು ದಾರಿ ಇದೆಯೇ ಎಂದು ನಡೆದು ನೋಡಿದೆ. ಕರೆಯಬೇಕಾದ ಸಂಖ್ಯೆ 112 ಎಂದು ಬಾಗಿಲ ಹಿಂದೆ ಬರೆಸಿದೆ.

ಭಾನುವಾರ ವಿಡಿಯೋ ಕರೆಯಲ್ಲಿ ಮೊಮ್ಮಗ ಮೊದಲು ಕೇಳಿದ್ದು, ‘ಹೇಳಿದೆಯಾ ಅಜ್ಜಿ?’

‘ಹೇಳಿದೆ’ ಎಂದೆ. ಅವನು ಅಡುಗೆಮನೆಗೆ ಓಡಿ ಬಾಣಲೆಯ ಮೇಲೆ ಮುಚ್ಚಿದ ತಟ್ಟೆಯನ್ನು ಕ್ಯಾಮೆರಾಕ್ಕೆ ತೋರಿಸಿದ.